ಓಹಿರಾ ಗಣಿಯ ಸುಯಿತಾ ಸಾಣೆಕಲ್ಲು: ಮೂರು ವರ್ಷ ಬಳಸಿದ ಮೇಲೆ

ಕ್ಯೋಟೊ ನಗರಕ್ಕೆ ಪಶ್ಚಿಮದಲ್ಲಿರುವ ಬೆಟ್ಟಗಳಿಂದ ಬಂದ ಒಂದು ನೈಸರ್ಗಿಕ ಸಾಣೆಕಲ್ಲನ್ನು ನಾನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಅದು ಓಹಿರಾ ಗಣಿಯದು. ಅಲ್ಲಿನ ಪದರಗಳಲ್ಲಿ ಸುಯಿತಾ ಎಂದು ಕರೆಯುವ ಪದರಕ್ಕೆ ಸೇರಿದ್ದು. ಉದ್ದ 19 ಸೆಂ.ಮೀ., ಅಗಲ 7 ಸೆಂ.ಮೀ., ದಪ್ಪ 28 ಮಿ.ಮೀ.; ತೂಕ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ. ಒಂದು ಮೂಲೆ ಮುರಿದು ಓರೆಯಾಗಿರುವುದರಿಂದ ವ್ಯಾಪಾರಿಗಳ ಮಾತಿನಲ್ಲಿ ಇದು ಕೊಪ್ಪಾ, ಅಂದರೆ ಆಯತಾಕಾರಕ್ಕೆ ಬಾರದೆ ಉಳಿದ ತುಂಡು. ಆ ಕಾರಣದಿಂದಲೇ ನನಗೆ ಇದು 24,000 ಯೆನ್‌ಗೆ ದೊರೆಯಿತು; ನಾಲ್ಕೂ ಅಂಚುಗಳು ನೇರವಾಗಿದ್ದ, ಇದೇ ಗುಣದ ಇನ್ನೊಂದು ಕಲ್ಲಿಗೆ ಅದೇ ಅಂಗಡಿಯಲ್ಲಿ ಇದರ ಎರಡರಷ್ಟು ಬೆಲೆ ಇತ್ತು. ಈ ಹಣಕ್ಕೆ ಒಳ್ಳೆಯ ಕೃತಕ ಸಾಣೆಕಲ್ಲುಗಳನ್ನು ಮೂರೋ ನಾಲ್ಕೋ ಕೊಳ್ಳಬಹುದು. ಹಾಗಿರುವಾಗ ಒಂದೇ ಒಂದು ಕಲ್ಲಿಗೆ ಇಷ್ಟು ಹಣ ಕೊಡುವುದು ಸರಿಯೇ ಎಂಬ ಪ್ರಶ್ನೆಯನ್ನು ಒಸಾಕಾದಲ್ಲಿರುವ ನನ್ನ ಕನ್ನಡಿಗ ಸ್ನೇಹಿತರು ಮತ್ತೆ ಮತ್ತೆ ಕೇಳಿದ್ದರಿಂದ, ಕಲ್ಲಿನ ಮೇಲೆ ಕೈ ಪಳಗಿದ ಮೇಲೆಯೇ ಬರೆಯಬೇಕೆಂದು ಕಾದು ಈಗ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಾಕುವಿಗೆ ಹರಿತ ತರುವ ಕೆಲಸದ ಬಹುಪಾಲು ಈ ಕಲ್ಲಿನದಲ್ಲ. ಅದು ಇದಕ್ಕಿಂತ ಮೊದಲು ಬಳಸುವ ಒರಟು ಮತ್ತು ನಡು ದರ್ಜೆಯ ಕಲ್ಲುಗಳದು. ಆ ಕಲ್ಲುಗಳು ಮಾಡಿಟ್ಟ ಅಲಗಿನ ಕೊನೆಯ ಗುಣವನ್ನು ಓಹಿರಾ ನಿರ್ಧರಿಸುತ್ತದೆ. ಅಲಗು ತರಕಾರಿಯ ಸಿಪ್ಪೆಯನ್ನು ಹೇಗೆ ಕಚ್ಚುತ್ತದೆ, ಎಷ್ಟು ದಿನ ಹಾಗೆಯೇ ಉಳಿಯುತ್ತದೆ, ಲೋಹದ ಮೈ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ಮೂರು ವಿಷಯಗಳಲ್ಲಿ ಇದು ಮಾಡುವ ಕೆಲಸವನ್ನು ನನ್ನ ಬಳಿ ಇರುವ ಯಾವ ಕೃತಕ ಕಲ್ಲೂ ಮಾಡಿಲ್ಲ.

ಕಲ್ಲಿನ ಹುಟ್ಟು ತಿಳಿದರೆ ಅದರ ವರ್ತನೆ ಅರ್ಥವಾಗುತ್ತದೆ. ಸುಮಾರು 25 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗ ಮುಗಿದು ಟ್ರಯಾಸಿಕ್ ಯುಗ ಆರಂಭವಾದ ಕಾಲದಲ್ಲಿ, ನೆಲದಿಂದ ಬಹು ದೂರದ ಆಳಸಮುದ್ರದ ತಳದಲ್ಲಿ ಬಹಳ ನಿಧಾನವಾಗಿ ನೆಲೆಗೊಂಡ ಧೂಳು ಮತ್ತು ಜೇಡಿ ಈ ಕಲ್ಲಿನ ಮೂಲದ್ರವ್ಯ. ಅದಕ್ಕೂ ಮೊದಲು ಮತ್ತು ಆಮೇಲೆ ಅದೇ ಸಮುದ್ರತಳದಲ್ಲಿ ರೇಡಿಯೋಲೇರಿಯನ್ ಎಂಬ ಸೂಕ್ಷ್ಮಜೀವಿಗಳ ಸಿಲಿಕಾ ಚಿಪ್ಪುಗಳು ಶೇಖರಗೊಂಡು ಚರ್ಟ್ ಎಂಬ ಗಾಜಿನಂತಹ ಗಟ್ಟಿ ಶಿಲೆಯಾದವು. ಪರ್ಮಿಯನ್ ಯುಗದ ಕೊನೆಯ ಮಹಾವಿನಾಶದಲ್ಲಿ ಈ ಜೀವಿಗಳು ಕ್ಷೀಣಿಸಿದ್ದರಿಂದ ನಡುವಿನ ಪದರದಲ್ಲಿ ಸಿಲಿಕಾ ಕಡಿಮೆಯಾಗಿ ಜೇಡಿ ಹೆಚ್ಚಾಯಿತು. ಭೂಫಲಕಗಳ ಚಲನೆಯಿಂದ ಆ ಸಮುದ್ರತಳವೇ ಸರಿದು ಬಂದು ಈಗಿನ ಜಪಾನಿನ ಅಂಚಿಗೆ ಅಂಟಿಕೊಂಡಿತು. ಕ್ಯೋಟೊ ಸುತ್ತಲಿನ ತಾಂಬಾ ಬೆಟ್ಟಗಳು ಅದರಿಂದಲೇ ಆದವು. ಆ ಜೇಡಿಪದರವೇ ನಮ್ಮ ಸಾಣೆಕಲ್ಲು. ಜೀವಜಗತ್ತಿನ ಅತಿ ದೊಡ್ಡ ಆಪತ್ತಿನ ಗುರುತಾಗಿರುವ ಪದರವೊಂದರ ಮೇಲೆ ನಾನು ವಾರಕ್ಕೊಮ್ಮೆ ತರಕಾರಿ ಚಾಕು ಮಸೆಯುತ್ತೇನೆ ಎಂಬ ಸಂಗತಿ ಇಂದಿಗೂ ನನ್ನಲ್ಲಿ ಬೆರಗು ಹುಟ್ಟಿಸುತ್ತದೆ.

ಹೀಗಾಗಿ ಈ ಕಲ್ಲಿನಲ್ಲಿ ಲೋಹವನ್ನು ತಿನ್ನುವುದು ಕೆಲವೇ ಮೈಕ್ರಾನ್ ಗಾತ್ರದ ಕ್ವಾರ್ಟ್ಝ್ ಕಣಗಳು, ಅವುಗಳನ್ನು ಹಿಡಿದಿಟ್ಟಿರುವುದು ಅಭ್ರಕದ ಜಾತಿಯ ಸೂಕ್ಷ್ಮ ಜೇಡಿ. ಕೃತಕ ಕಲ್ಲುಗಳಲ್ಲಿರುವ ಅಲ್ಯುಮಿನಾ ಅಥವಾ ಸಿಲಿಕಾನ್ ಕಾರ್ಬೈಡ್ ಗಡಸು ಉಕ್ಕಿಗಿಂತ ಎಷ್ಟೋ ಕಠಿಣವಾದವು. ಕ್ವಾರ್ಟ್ಝ್ ಆ ಉಕ್ಕಿಗಿಂತ ಸ್ವಲ್ಪವೇ ಕಠಿಣ. ಆದ್ದರಿಂದ ಅದು ಉಕ್ಕನ್ನು ಆಳವಾಗಿ ಗೀರುವುದಿಲ್ಲ, ಮೃದುವಾಗಿ ಸವೆಸುತ್ತದೆ. ಅಂಗಡಿಗಳಲ್ಲಿ ಇಂತಹ ಕಲ್ಲುಗಳ ಪಕ್ಕದಲ್ಲಿ 6000 ಎಂದೋ 8000 ಎಂದೋ ನಯದ ದರ್ಜೆಯನ್ನು ಸೂಚಿಸುವ ಒಂದು ಸಂಖ್ಯೆ ಬರೆದಿರುತ್ತಾರೆ; ಸಂಖ್ಯೆ ದೊಡ್ಡದಾದಷ್ಟೂ ಕಲ್ಲು ನಯ. ಅದನ್ನು ಬರಿಯ ಅಂದಾಜು ಎಂದಷ್ಟೇ ತಿಳಿಯಬೇಕು, ಏಕೆಂದರೆ ಇದರ ಕಣಗಳು ಒಂದೇ ಗಾತ್ರದವಲ್ಲ, ಮೇಲಾಗಿ ಮಸೆಯುತ್ತಿರುವಾಗಲೇ ಒತ್ತಡಕ್ಕೆ ಒಡೆದು ಇನ್ನಷ್ಟು ಸಣ್ಣವಾಗುತ್ತವೆ.

ಪದರಗಳ ಹೆಸರುಗಳನ್ನು ಕಲಿಯದೆ ಇಲ್ಲಿ ವ್ಯಾಪಾರ ನಡೆಸುವುದು ಕಷ್ಟ. ತೊಮಾಯೆ ಪದರದ ಕಲ್ಲು ಮೈ ನಯವಾಗಿ ಒಂದೇ ತೆರನಾಗಿರುತ್ತದೆ. ಸುಯಿತಾ ಎಂದರೆ ಗೂಡುಗಳುಳ್ಳ ಹಲಗೆ. ಅದರಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿರುತ್ತವೆ, ಮತ್ತು ಅದು ತೊಮಾಯೆಗಿಂತ ಬೇಗ ಕೆಲಸ ಮಾಡುತ್ತದೆ. ಬಣ್ಣ ಮತ್ತು ಮಚ್ಚೆಗಳಿಗೂ ಹೆಸರುಗಳಿವೆ: ತಿಳಿ ನೀಲಿ ಹಸಿರಿನದು ಅಸಾಗಿ, ಕಾಗೆಯ ಗರಿಯಂತಹ ಕಪ್ಪು ಮಚ್ಚೆಯದು ಕರಾಸು, ಪೇರ್ ಹಣ್ಣಿನ ಸಿಪ್ಪೆಯಂತೆ ಚುಕ್ಕಿಗಳಿರುವುದು ನಶಿಜಿ, ಕೆಂಪು ನೇರಳೆ ಚುಕ್ಕಿಗಳಿರುವುದು ತಾವರೆಯ ಹೆಸರು ಹೊತ್ತ ರೆಂಗೆ. ನನ್ನ ಕಲ್ಲಿನಲ್ಲಿ ರೆಂಗೆ ಚುಕ್ಕಿಗಳು ಒಂದು ಬದಿಗೆ ತೆಳುವಾಗಿ ಹರಡಿವೆ. ಇವು ನೋಡಲು ಬಹಳ ಸುಂದರ, ಬೆಲೆಯನ್ನೂ ಏರಿಸುತ್ತವೆ. ಆದರೆ ಚುಕ್ಕಿಗಳಿರುವ ಬದಿಗೂ ಇಲ್ಲದ ಬದಿಗೂ ಮಸೆಯುವಾಗ ಯಾವ ವ್ಯತ್ಯಾಸವೂ ನನಗೆ ಕಂಡಿಲ್ಲ. ಬಣ್ಣಕ್ಕೆಂದು ಹೆಚ್ಚು ಹಣ ಕೊಡಬೇಡಿರೆಂದು ಸಲಹೆ ಕೊಡುತ್ತೇನೆ.

ಇದು ನನ್ನ ಮೊದಲ ನೈಸರ್ಗಿಕ ಕಲ್ಲಲ್ಲ. ಮೊದಲನೆಯದನ್ನು ಅಂತರ್ಜಾಲದ ಒಬ್ಬ ಮಾರಾಟಗಾರರಿಂದ ಛಾಯಾಚಿತ್ರ ನೋಡಿ ಕೊಂಡಿದ್ದೆ. ಅದರ ಮೇಲೆ ಪ್ರಸಿದ್ಧ ನಕಾಯಾಮಾ ಗಣಿಯ ಹೆಸರಿನ ಮುದ್ರೆಯಿತ್ತು. ಉಮೆಗಾಹಾತಾ ಪ್ರದೇಶದ ನಕಾಯಾಮಾ, ಒಕುದೊ, ಓಜುಕು ಮುಂತಾದ ಹಳೆಯ ಗಣಿಗಳ ಕೆಲಸ ನಿಂತುಹೋಗಿರುವುದರಿಂದ ಆ ಹೆಸರುಗಳಿಗೆ ವಿಪರೀತ ಬೇಡಿಕೆಯಿದೆ. ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದು. ಆ ಕಲ್ಲಿನ ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಗಟ್ಟಿ ಗೆರೆಯೊಂದು ಓರೆಯಾಗಿ ಹಾದಿತ್ತು. ಕಣ್ಣಿಗೆ ಅದು ಬಣ್ಣದ ಗೆರೆಯಂತೆ ಕಂಡಿತೇ ಹೊರತು ದೋಷವೆಂದು ತೋರಲಿಲ್ಲ. ಚಾಕುವನ್ನು ಹತ್ತು ಸಲ ಆಡಿಸುವಷ್ಟರಲ್ಲಿ ಅದು ಅಲಗಿನ ಉದ್ದಕ್ಕೂ ಆಳವಾದ ಗೀರುಗಳನ್ನು ಎಳೆದುಬಿಟ್ಟಿತು. ಅವುಗಳನ್ನು ತೆಗೆಯಲು ನಾನು ಮತ್ತೆ 1000 ದರ್ಜೆಯ ಕಲ್ಲಿಗೆ ಮರಳಿ ಒಂದು ಸಂಜೆಯನ್ನೆಲ್ಲ ಕಳೆಯಬೇಕಾಯಿತು. ಮಾರಾಟಗಾರರು ನೈಸರ್ಗಿಕ ವಸ್ತುವನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂದು ಉತ್ತರಿಸಿದರು. ಕಲ್ಲಿನ ಮೇಲಿನ ಎಲ್ಲ ಗೆರೆಗಳೂ ಕೆಟ್ಟವಲ್ಲ. ಉಗುರಿನಿಂದ ಅಡ್ಡಲಾಗಿ ಎಳೆದಾಗ ಉಗುರು ತಡೆದರೆ ಮಾತ್ರ ಎಚ್ಚರ ವಹಿಸಬೇಕು ಎಂಬ ಸರಳ ಪರೀಕ್ಷೆಯನ್ನು ನಾನು ಕಲಿತದ್ದು ಆಮೇಲೆ.

ಆದ್ದರಿಂದ ಎರಡನೆಯ ಸಲ ಕ್ಯೋಟೊಗೆ ನಾನೇ ಹೋದೆ. ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ದಿದ್ದೆ. ಅಂಗಡಿಯವರು ಒಂದು ಬೋಗುಣಿ ನೀರು ಕೊಟ್ಟು, ಸಾಲಾಗಿಟ್ಟ ಆರು ಕಲ್ಲುಗಳ ಮೇಲೆ ಚಾಕು ಆಡಿಸಿ ನೋಡಲು ಬಿಟ್ಟರು. ಒಂದೇ ಗಣಿಯ, ಒಂದೇ ಪದರದ ಎರಡು ಕಲ್ಲುಗಳು ಎಷ್ಟು ಬೇರೆಯಾಗಿರಬಲ್ಲವು ಎಂಬುದು ಅಂದು ನನ್ನ ಕೈಗೆ ತಿಳಿಯಿತು: ಒಂದರ ಮೇಲೆ ಅಲಗು ಗಾಜಿನ ಮೇಲಿನಂತೆ ಜಾರಿಹೋಯಿತು, ಇನ್ನೊಂದು ಬೆಣ್ಣೆಯಂತೆ ಹಿಡಿದುಕೊಂಡಿತು. ವ್ಯಾಪಾರಿಗಳು ಗಡಸುತನವನ್ನು 1ರಿಂದ 5ರವರೆಗೆ ಎಣಿಸುವುದುಂಟು. ಅಡುಗೆ ಚಾಕುವಿಗೆ 3ರ ಆಸುಪಾಸು ಹಿತವಾಗಿರುತ್ತದೆ. ಕ್ಷೌರದ ಕತ್ತಿಗೆ 5 ಬೇಕಾಗುತ್ತದೆ. ನನ್ನದನ್ನು ಅವರು 3 ಎಂದರು, ನನ್ನ ಅನುಭವವೂ ಅದನ್ನೇ ಹೇಳುತ್ತದೆ. ಕಮೆಯೋಕಾದಲ್ಲಿ ನೈಸರ್ಗಿಕ ಸಾಣೆಕಲ್ಲುಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದ್ದು, ಅಲ್ಲಿ ಬಗೆಬಗೆಯ ಕಲ್ಲುಗಳನ್ನು ನೋಡಬಹುದು, ಮಸೆದೂ ನೋಡಬಹುದು. ಕೊಳ್ಳುವ ಮೊದಲು ಒಂದು ದಿನ ಅದಕ್ಕಾಗಿ ಇಡುವುದು ಒಳ್ಳೆಯದು.

ಮನೆಗೆ ತಂದ ಮೇಲೆ ಎರಡು ಕೆಲಸಗಳಿದ್ದವು. ಮೇಲ್ಮೈಯನ್ನು 400 ದರ್ಜೆಯ ವಜ್ರದ ಫಲಕದಿಂದ ಸಮತಟ್ಟು ಮಾಡಿದೆ. ನಂತರ ನಾಲ್ಕು ಬದಿಗಳಿಗೂ ತಳಕ್ಕೂ ಮೆರುಗೆಣ್ಣೆ ಹಚ್ಚಿದೆ, ಏಕೆಂದರೆ ಪದರಗಳ ಸಂದಿಗೆ ನೀರು ಇಳಿದರೆ ಇಂತಹ ಕಲ್ಲು ಕಾಲಕ್ರಮದಲ್ಲಿ ಹಲಗೆಗಳಾಗಿ ಸೀಳುವುದುಂಟು. ಸಂಪ್ರದಾಯವಾಗಿ ಇದಕ್ಕೆ ಉರುಶಿ ಎಂಬ ಮರದ ಅರಗನ್ನು ಬಳಸುತ್ತಾರೆ. ಅದು ಚರ್ಮಕ್ಕೆ ತಾಗಿದರೆ ತುರಿಕೆ ಬರುವುದರಿಂದ ನಾನು ಜಪಾನಿನಲ್ಲಿ ಸುಲಭವಾಗಿ ಸಿಗುವ ಕ್ಯಾಶ್ಯೂ ಎಂಬ ಮೆರುಗೆಣ್ಣೆಯನ್ನು ಆರಿಸಿಕೊಂಡೆ. ಅದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ತಯಾರಾದದ್ದು. ಡಬ್ಬಿ ತೆರೆದಾಗ ಬಂದ ಕಟು ವಾಸನೆಗೆ, ಕರಾವಳಿಯಲ್ಲಿ ಬಾಲ್ಯ ಕಳೆದ ನನಗೆ ಗೇರುಬೀಜ ಸುಡುವ ಬೇಸಿಗೆಯ ಅಂಗಳವೇ ನೆನಪಾಯಿತು.

ಈಗ ಬಳಕೆಯ ವಿಷಯ. ನಾನು ಹೆಚ್ಚಾಗಿ ಮಸೆಯುವುದು 195 ಮಿ.ಮೀ. ಉದ್ದದ ಉಸುಬಾ, ಅಂದರೆ ಒಂದೇ ಬದಿಗೆ ಇಳಿಜಾರಿರುವ ತರಕಾರಿ ಚಾಕು. ಸಕಾಯ್ ಊರಿನಲ್ಲಿ ತಯಾರಾದ ಇದರ ಅಲಗಿನಲ್ಲಿ ಎರಡು ಲೋಹಗಳಿವೆ: ಕತ್ತರಿಸುವ ಅಂಚಿಗೆ ಹಗಾನೆ ಎಂಬ ಗಡಸು ಉಕ್ಕು, ಅದರ ಬೆನ್ನಿಗೆ ಕುಲುಮೆಯಲ್ಲಿ ಬೆಸೆದ ಜಿಗಾನೆ ಎಂಬ ಮೆತ್ತನೆಯ ಕಬ್ಬಿಣ. ಗಡಸು ಭಾಗ ಶಿರೊಗಾಮಿ 2, ಅಂದರೆ ಯಾಸುಗಿಯಲ್ಲಿ ತಯಾರಾಗುವ, ಶೇ. 1.05ರಿಂದ 1.15ರಷ್ಟು ಇಂಗಾಲವಿರುವ ಶುದ್ಧ ಇಂಗಾಲದ ಉಕ್ಕು. ಮೊದಲು 1000 ದರ್ಜೆಯ ಕೃತಕ ಕಲ್ಲಿನಲ್ಲಿ ಅಂಚಿನುದ್ದಕ್ಕೂ ಮುಳ್ಳು, ಅಂದರೆ ಲೋಹವು ಅಂಚಿನ ಆಚೆಗೆ ಮಡಿಚಿಕೊಂಡ ತೆಳು ಎಳೆ, ಏಳುವವರೆಗೆ ಮಸೆದು, 3000 ದರ್ಜೆಯ ಕಲ್ಲಿನಲ್ಲಿ ಆ ಗೀರುಗಳನ್ನು ಪೂರ್ತಿಯಾಗಿ ತೆಗೆಯುತ್ತೇನೆ. ಈ ಹಂತದಲ್ಲಿ ಅವಸರ ಮಾಡಿದವರು ಓಹಿರಾ ಕಲ್ಲನ್ನು ದೂರಬಾರದು. ಹಿಂದಿನ ಕಲ್ಲು ಬಿಟ್ಟ ಆಳದ ಗೀರನ್ನು ತೆಗೆಯುವ ಶಕ್ತಿ ಇದಕ್ಕಿಲ್ಲ, ಬದಲಿಗೆ ಸುತ್ತಲಿನ ಮೈಯನ್ನು ಮಂಕಾಗಿಸಿ ಆ ಗೀರನ್ನೇ ಎತ್ತಿ ತೋರಿಸುತ್ತದೆ.

ಕೃತಕ ಕಲ್ಲುಗಳಲ್ಲಿ ಕೆಲವನ್ನು ಮಾಡುವಂತೆ ಇದನ್ನು ನೀರಿನಲ್ಲಿ ನೆನೆಹಾಕುವ ಅಗತ್ಯವಿಲ್ಲ, ನೆನೆಹಾಕಲೂ ಬಾರದು. ಮೇಲೆ ನೀರು ಚಿಮುಕಿಸಿ, ತೊಮೊನಗುರಾ ಎಂಬ, ಇದೇ ಜಾತಿಯ ಕಲ್ಲಿನ ಸಣ್ಣ ತುಂಡಿನಿಂದ ಉಜ್ಜಿದರೆ ಕೆನೆಬಣ್ಣದ ಸ್ಲರಿ, ಅಂದರೆ ಕಲ್ಲಿನ ಪುಡಿ ನೀರಿನಲ್ಲಿ ಕಲೆತ ಪಸೆ, ಏಳುತ್ತದೆ. ನಮ್ಮಲ್ಲಿ ದೇವರ ಕೋಣೆಯ ಸಾಣೆಕಲ್ಲಿನ ಮೇಲೆ ಗಂಧದ ಕೊರಡು ತೇಯುವುದನ್ನು ನೋಡಿದವರಿಗೆ ಈ ಕೆಲಸವನ್ನು ಬೇರೆ ವಿವರಿಸಬೇಕಾಗಿಲ್ಲ. ನೀರಿನ ಹದ, ಕೈಯ ಒತ್ತಡ, ಏಳುವ ಪಸೆಯ ದಪ್ಪ ಎಲ್ಲವೂ ಹಾಗೆಯೇ. ಮನೆಯಲ್ಲಿ ನಾವು ಇದನ್ನು ಗಂಧ ಎಂದೇ ಕರೆಯುತ್ತೇವೆ. ಲೋಹವನ್ನು ಸವೆಸುವುದು ಹೆಚ್ಚಾಗಿ ಈ ಗಂಧವೇ. ಚಾಕುವಿನ ಇಳಿಜಾರನ್ನು ಕಲ್ಲಿಗೆ ಪೂರ್ತಿಯಾಗಿ ಒರಗಿಸಿ, ಅಂಚಿನ ಹತ್ತಿರ ಎರಡು ಬೆರಳುಗಳಿಂದ ಹಗುರವಾಗಿ ಒತ್ತಿ ಹಿಂದೆ ಮುಂದೆ ಆಡಿಸುತ್ತಿದ್ದಂತೆ ಗಂಧ ಬಿಳಿಯಿಂದ ಬೂದಿಗೆ, ಬೂದಿಯಿಂದ ಕಪ್ಪಿಗೆ ತಿರುಗುತ್ತದೆ. ಆಗ ನೀರು ಸುರಿದು ತೊಳೆಯುವ ಮನಸ್ಸಾಗುತ್ತದೆ, ಆದರೆ ತೊಳೆಯಬಾರದು. ಆ ಕಪ್ಪು ಗಂಧದಲ್ಲಿಯೇ ಕಣಗಳು ಒಡೆದು ಅತಿ ನುಣ್ಣಗಾಗಿರುತ್ತವೆ. ಒಂದೆರಡು ಹನಿ ನೀರನ್ನಷ್ಟೇ ಸೇರಿಸುತ್ತ, ಒತ್ತಡವನ್ನು ಕ್ರಮೇಣ ಇಳಿಸುತ್ತ ಐದಾರು ನಿಮಿಷ ಮುಂದುವರಿಸಬೇಕು. ಚಾಕುವಿನ ಹಿಂಬದಿಯನ್ನು ಕಲ್ಲಿಗೆ ಸಪಾಟಾಗಿ ಇಟ್ಟು ಕೊನೆಯಲ್ಲಿ ಕೆಲವೇ ಸಲ ಎಳೆದರೆ ಸಾಕು.

ಸ್ಪರ್ಶದ ಬಗ್ಗೆ ಒಂದು ಮಾತು. 3000 ದರ್ಜೆಯ ಕೃತಕ ಕಲ್ಲು ಎಲ್ಲ ದಿನವೂ ಒಂದೇ ರೀತಿ ಕೈಗೆ ಉತ್ತರ ಕೊಡುತ್ತದೆ. ಓಹಿರಾ ಹಾಗಲ್ಲ, ಗಂಧ ತೆಳುವಾದಾಗ ಅಲಗು ಕಲ್ಲಿಗೆ ಅಂಟಿದಂತಾಗುತ್ತದೆ, ದಪ್ಪವಾದಾಗ ತೇಲುತ್ತದೆ, ಇಳಿಜಾರು ಸರಿಯಾಗಿ ಕುಳಿತಾಗ ಶಬ್ದವೇ ಬದಲಾಗಿ ಒಂದು ಮೆಲುದನಿಯ ಸರಸರ ಕೇಳುತ್ತದೆ. ಇದನ್ನು ಓದಿಕೊಳ್ಳಲು ನನಗೆ ಆರು ತಿಂಗಳು ಬೇಕಾಯಿತು. ಮೊದಲ ತಿಂಗಳುಗಳಲ್ಲಿ ಮಸೆದ ಅಲಗು ಕೃತಕ ಕಲ್ಲಿನದಕ್ಕಿಂತ ಕಳಪೆಯಾಗಿಯೇ ಇತ್ತು ಎಂಬುದನ್ನು ಕೊಳ್ಳುವವರು ಮುಂಚೆಯೇ ತಿಳಿದಿರಬೇಕು.

ಫಲಿತಾಂಶ ಮೊದಲು ಕಣ್ಣಿಗೆ ಕಾಣುತ್ತದೆ. ಗಂಧದ ಸಡಿಲ ಕಣಗಳು ಮೆತ್ತನೆಯ ಕಬ್ಬಿಣದಲ್ಲಿ ಹೆಚ್ಚು ಇಳಿದು ಅದನ್ನು ಬೂದುಮಂಜಿನಂತೆ ಮಂದವಾಗಿಸುತ್ತವೆ. ಗಡಸು ಉಕ್ಕಿನಲ್ಲಿ ಇಳಿಯಲಾರದೆ ಅದನ್ನು ಹೊಳಪಾಗಿ ಉಳಿಸುತ್ತವೆ. ಎರಡರ ನಡುವಿನ ಬೆಸುಗೆಯ ಗೆರೆ, ಬೆಳಗಿನ ಮಂಜು ನದಿಯ ಅಂಚಿಗೆ ಬಂದು ನಿಂತಂತೆ ಸ್ಪಷ್ಟವಾಗಿ ಕಾಣುತ್ತದೆ. ಜಪಾನೀಯರು ಇದನ್ನು ಕಸುಮಿ, ಅಂದರೆ ಮಂಜು ಎಂದೇ ಕರೆಯುತ್ತಾರೆ. 6000 ದರ್ಜೆಯ ಕೃತಕ ಕಲ್ಲಿನಲ್ಲಿ ಎರಡೂ ಲೋಹಗಳು ಒಂದೇ ರೀತಿ ಮಿನುಗಿದವು, ಗೆರೆ ಹುಡುಕಬೇಕಾಯಿತು. ಓಹಿರಾ ಬಿಟ್ಟುಕೊಡುವ ಕಸುಮಿ ಸಮನಾಗಿದೆ, ಗೀರಿಲ್ಲದ್ದು. ಸೌಂದರ್ಯಕ್ಕೆ ಬೆಲೆ ಕೊಡುವವರಿಗೆ ಇಷ್ಟೇ ಸಾಕಾದೀತು.

ಅಡುಗೆಮನೆಯಲ್ಲಿ ನನಗೆ ಮುಖ್ಯವಾದದ್ದು ಅಲಗಿನ ಹಿಡಿತ. ಕೃತಕ ಕಲ್ಲಿನಲ್ಲಿ 6000ರವರೆಗೆ ಹೊಳಪಿಸಿದ ಅಲಗು ಕಾಗದವನ್ನು ನಿಶ್ಶಬ್ದವಾಗಿ ಸೀಳುತ್ತಿತ್ತು, ಆದರೆ ಚೆನ್ನಾಗಿ ಹಣ್ಣಾದ ಟೊಮೇಟೊದ ಸಿಪ್ಪೆಯ ಮೇಲೆ ಎರಡು ಮೂರು ದಿನಗಳಲ್ಲೇ ಜಾರತೊಡಗುತ್ತಿತ್ತು. ಓಹಿರಾದಲ್ಲಿ ಮುಗಿಸಿದ ಅಲಗಿನಲ್ಲಿ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಹಲ್ಲುಗಳು ಉಳಿಯುವುದರಿಂದ ಅದು ಸಿಪ್ಪೆಯನ್ನು ಮೊದಲ ಸ್ಪರ್ಶಕ್ಕೇ ಹಿಡಿಯುತ್ತದೆ. ಡೈಕೊನ್ ಮೂಲಂಗಿಯನ್ನು ತಿರುಗಿಸುತ್ತ ಉದ್ದನೆಯ ತೆಳು ಹಾಳೆಯಾಗಿ ಸುಲಿಯುವ ಕತ್ಸುರಾಮುಕಿ ಎಂಬ ಕೆಲಸದಲ್ಲಿ ವ್ಯತ್ಯಾಸ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹಾಳೆಯ ಮೈ ಒದ್ದೆ ರೇಷ್ಮೆಯಂತೆ ಹೊಳೆಯುತ್ತದೆ, ಕೈಗೆ ಬಲ ಹಾಕಬೇಕಾಗಿಲ್ಲ. ಕೋಸಂಬರಿಗೆ ಸೌತೆಕಾಯಿ ಹೆಚ್ಚುವಾಗಲೂ, ಪಲ್ಯಕ್ಕೆ ಹುರುಳಿಕಾಯಿಯನ್ನು ರಾಶಿಯಾಗಿ ಹಿಡಿದು ಸಣ್ಣಗೆ ಕತ್ತರಿಸುವಾಗಲೂ ಇದೇ ಅನುಭವ. ನಮ್ಮ ಮನೆಯ ದಿನನಿತ್ಯದ ಬಳಕೆಯಲ್ಲಿ ಈ ಹಿಡಿತ ಏಳೆಂಟು ದಿನ ಉಳಿಯುತ್ತದೆ. ಆಮೇಲೆ ಇದೇ ಕಲ್ಲಿನ ಮೇಲೆ ಮೂರು ನಿಮಿಷ ಆಡಿಸಿದರೆ ಮರಳಿ ಬರುತ್ತದೆ, ಒರಟು ಕಲ್ಲುಗಳ ಬಳಿಗೆ ತಿಂಗಳುಗಟ್ಟಲೆ ಹೋಗಬೇಕಾಗಿಲ್ಲ.

ಕಲ್ಲಿನ ಮಿತಿಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ನನ್ನಲ್ಲಿರುವ ವಿಜಿ-10 ತುಕ್ಕುರಹಿತ ಉಕ್ಕಿನ ಚಾಕು ಇದರ ಮೇಲೆ ಬಹಳ ನಿಧಾನವಾಗಿ ಸವೆಯಿತು, ಗಂಧ ಕಪ್ಪಾಗಲು ತುಂಬ ಹೊತ್ತು ಹಿಡಿಯಿತು, ಕೊನೆಗೆ ಸಿಕ್ಕ ಅಲಗಿನಲ್ಲಿ ವಿಶೇಷವೇನೂ ಇರಲಿಲ್ಲ. ಅಂತಹ ಉಕ್ಕಿನಲ್ಲಿರುವ ಕ್ರೋಮಿಯಂ ಕಾರ್ಬೈಡ್ ಕಣಗಳು ಕ್ವಾರ್ಟ್ಝ್‌ಗಿಂತ ಕಠಿಣ. ಪುಡಿಲೋಹ ತಂತ್ರದಿಂದ ತಯಾರಾದ ಹೊಸ ಉಕ್ಕುಗಳ ವೆನೇಡಿಯಂ ಕಾರ್ಬೈಡ್ ಇನ್ನೂ ಕಠಿಣ. ಅವುಗಳಿಗೆ ಕೃತಕ ಅಥವಾ ವಜ್ರದ ಕಲ್ಲುಗಳೇ ಸರಿ. ಹಾಗೆಯೇ ಊರಿನ ಕುಡುಗೋಲಿಗಾಗಲಿ ಈಳಿಗೆಮಣೆಯ ಅಲಗಿಗಾಗಲಿ ಇದು ಬೇಡ. ರಜೆಯಲ್ಲಿ ಊರಿಗೆ ಒಯ್ದು ನಮ್ಮ ಮನೆಯ ಈಳಿಗೆಯ ಮೇಲೆ ಪ್ರಯತ್ನಿಸಿದೆ. ಅದರ ಉಕ್ಕು ಮೆತ್ತಗಿರುವುದರಿಂದ ಅಷ್ಟು ನವುರಾದ ಅಂಚನ್ನು ಅದು ಉಳಿಸಿಕೊಳ್ಳಲಿಲ್ಲ; ತೆಂಗಿನಕಾಯಿ ಹೋಳು, ಹಲಸಿನ ಗುಜ್ಜೆ ಕತ್ತರಿಸುವ ಅಲಗಿಗೆ ಬೇಕಾದ ಒರಟು ಕಚ್ಚುವಿಕೆಯನ್ನು ಅಂಗಳದ ಮಸೆಗಲ್ಲೇ ಚೆನ್ನಾಗಿ ಕೊಡುತ್ತದೆ.

ಮರಗೆಲಸದ ಉಳಿಗಳಿಗೆ ಕಲ್ಲು ಒಪ್ಪುತ್ತದೆ. ಕನ್ನಾ ಎಂಬ ಜಪಾನೀ ಉಜ್ಜುಗೊರಡಿನ ಅಲಗಿಗೆ ಮಾತ್ರ ಇದು ಸ್ವಲ್ಪ ಮೆತ್ತಗಾಯಿತು: ಮಸೆಯುತ್ತಿದ್ದಂತೆ ಕಲ್ಲಿನ ನಡುಭಾಗ ತಗ್ಗಾಗಿ ಅಲಗಿನ ಅಂಚು ತುಸು ಬಾಗುತ್ತದೆ. 10 ಮೈಕ್ರಾನ್‌ಗಿಂತ ತೆಳುವಾದ ಹೊಟ್ಟು ತೆಗೆಯುವ ಇಲ್ಲಿನ ಬಡಗಿಗಳು ಗಡಸು ತೊಮಾಯೆಯನ್ನೇ ಬಯಸುವುದು ಇದೇ ಕಾರಣಕ್ಕೆ. ಕ್ಷೌರದ ಕತ್ತಿಯನ್ನು ನಾನು ಇದರ ಮೇಲೆ ಇಟ್ಟೇ ಇಲ್ಲ.

ಜಪಾನೀ ಖಡ್ಗಗಳ ಹೊಳಪುಗಾರರ ಕ್ರಮದಿಂದ ಕಲಿತ ಒಂದು ಉಪಾಯ ನನ್ನ ಕಲ್ಲಿನ ಬೆಲೆಯನ್ನು ಹೆಚ್ಚಿಸಿದೆ. ಖಡ್ಗದ ಹೊಳಪಿನ ಕೊನೆಯ ಹಂತಗಳಲ್ಲಿ ಉಚಿಗುಮೊರಿ ಎಂಬ ಮೆತ್ತನೆಯ ಕಲ್ಲನ್ನು ಬಳಸುತ್ತಾರೆ. ಓಹಿರಾ ಅದಕ್ಕೆ ಹೆಸರಾದ ಗಣಿ. ಆ ಕಲ್ಲಿನ ಚಕ್ಕೆಗಳನ್ನು ಹಾಳೆಯಷ್ಟು ತೆಳುವಾಗಿ ಸವೆಸಿ, ಹಿಂಬದಿಗೆ ವಾಶಿ ಎಂಬ ಸಾಂಪ್ರದಾಯಿಕ ಜಪಾನೀ ಕಾಗದವನ್ನು ಅರಗಿನಿಂದ ಅಂಟಿಸಿ, ಹೆಬ್ಬೆರಳಿನ ಕೆಳಗೆ ಇಟ್ಟು ಅಲಗಿನ ಮೇಲೆ ಆಡಿಸುತ್ತಾರೆ. ಕಾಗದವಿರುವುದರಿಂದ ಚಕ್ಕೆ ಬಿರುಕು ಬಿಟ್ಟರೂ ಚೂರಾಗಿ ಉದುರದೆ ಅಲಗಿನ ಉಬ್ಬುತಗ್ಗುಗಳಿಗೆ ಹೊಂದಿಕೊಂಡು ಬಾಗುತ್ತದೆ. ನನ್ನ ಕಲ್ಲಿನ ಮುರಿದ ಮೂಲೆಯಿಂದ ಸಿಡಿದ ಎರಡು ಚಕ್ಕೆಗಳಿಗೆ ನಾನು ಹೀಗೆಯೇ ಮಾಡಿದೆ. ಚಪ್ಪಟೆ ಕಲ್ಲು ತಲುಪದ, ಕಮ್ಮಾರನ ಸುತ್ತಿಗೆ ಬಿಟ್ಟ ಸಣ್ಣ ತಗ್ಗುಗಳಲ್ಲಿಯೂ ಮಂಜಿನ ಮೈ ಸಮನಾಗಿ ಬಂತು. ನೇರ ಅಂಚಿನ ದುಬಾರಿ ಕಲ್ಲನ್ನು ಕೊಂಡಿದ್ದರೆ ಈ ಚಕ್ಕೆಗಳು ನನಗೆ ಸಿಗುತ್ತಿರಲಿಲ್ಲ.

ಮೂರು ವರ್ಷಗಳಲ್ಲಿ ಕಲ್ಲಿನ ದಪ್ಪ ಒಂದು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಇಳಿದಿದೆ; ಅದರಲ್ಲಿ ಅರ್ಧ ಭಾಗ ನಾನೇ ಸಮತಟ್ಟು ಮಾಡುವಾಗ ವಜ್ರದ ಫಲಕಕ್ಕೆ ಹೋದದ್ದು. ಈ ಲೆಕ್ಕದಲ್ಲಿ ಇದು ನನ್ನ ಮುಂದಿನ ತಲೆಮಾರಿಗೂ ಬರುತ್ತದೆ. ಸುಯಿತಾದ ರಂಧ್ರಗಳಲ್ಲಿ ಒರಟು ಕಲ್ಲಿನ ಕಣಗಳು ಸಿಕ್ಕಿಕೊಂಡರೆ ಅಲಗಿಗೆ ಗೀರು ಬೀಳುವುದರಿಂದ, ಕಲ್ಲು ಬದಲಿಸುವಾಗ ಕೈಯನ್ನೂ ಚಾಕುವನ್ನೂ ತೊಳೆದುಕೊಂಡು, ಕಲ್ಲನ್ನು ಮೆತ್ತನೆಯ ಕುಂಚದಿಂದ ಉಜ್ಜುವುದನ್ನು ಮರೆಯಬಾರದು. ಮಸೆದ ಕೂಡಲೇ ಇಂಗಾಲದ ಉಕ್ಕಿನ ಚಾಕುವನ್ನು ಒರೆಸಿ ಒಣಗಿಸಬೇಕು.

ಕೈಯಲ್ಲಿ ಇಂಗಾಲದ ಉಕ್ಕಿನ, ಕಬ್ಬಿಣದ ಬೆನ್ನಿರುವ ಚಾಕು ಇದ್ದು, 1000 ಮತ್ತು 3000 ದರ್ಜೆಯ ಕಲ್ಲುಗಳಲ್ಲಿ ಮುಳ್ಳು ಎಬ್ಬಿಸಿ ತೆಗೆಯುವುದು ಈಗಾಗಲೇ ಬರುತ್ತಿದ್ದರೆ ಈ ಕಲ್ಲನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಅಂಗಡಿಗೆ ಹೋಗಿ, ಸ್ವಂತ ಚಾಕುವಿನಿಂದ ಮುಟ್ಟಿ ನೋಡಿ, ಕೊಪ್ಪಾ ತುಂಡನ್ನೇ ಆರಿಸಿಕೊಳ್ಳಿ. ಮನೆಗೆ ತಂದ ಮೇಲೆ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಊರಿನಲ್ಲಿದ್ದರೆ, ಒದ್ದೆ ಕಲ್ಲನ್ನು ಹೊರಗಿನ ಬಚ್ಚಲಿನಲ್ಲಿ ಬಿಡಬೇಡಿ. ಒಳಗೆ ಹೀರಿದ ನೀರು ಹೆಪ್ಪಾಗಿ ಹಿಗ್ಗಿ ಕಲ್ಲನ್ನು ಒಂದೇ ರಾತ್ರಿಯಲ್ಲಿ ಸೀಳಬಹುದು. ನನ್ನದು ಹತ್ತಿಯ ಬಟ್ಟೆಯಲ್ಲಿ ಸುತ್ತಿಕೊಂಡು, ಅಡುಗೆಮನೆಯ ಕಪಾಟಿನಲ್ಲಿ, ಬಿಸಿಲು ಬೀಳದ ಮೂಲೆಯಲ್ಲಿದೆ.